ಹೊಳೆ ಮೇಲಕ್ಕೆ ಹರಿಯುವಾಗ: ಸಂಪಾಜೆಯವನ ಹಾಯಿದೋಣಿ ಅನುಭವ

ನಮ್ಮ ಮನೆ ಸಂಪಾಜೆ ಹತ್ರ, ಘಟ್ಟ ಇಳಿದು ಮುಗಿಯೋ ಜಾಗ. ಕೊಡಗು ಅಂದ್ರೆ ಎಲ್ರಿಗೂ ಕಾಫಿ ನೆನಪಾಗೋದು, ಆದ್ರೆ ನಮ್ಮ ಕಡೆ ಅಡಿಕೆ, ರಬ್ಬರು. ತೋಟದ ಕೆಳಗೇ ಪಯಸ್ವಿನಿ ಉಂಟು. ಮಳೆಗಾಲದಲ್ಲಿ ಅದರ ಶಬ್ದಕ್ಕೆ ಜಗಲಿಯಲ್ಲಿ ಫೋನಲ್ಲಿ ಮಾತಾಡ್ಲಿಕ್ಕೆ ಆಗಲ್ಲ, ಏಪ್ರಿಲಲ್ಲಿ ಚಪ್ಪಲಿ ಕೈಲಿ ಹಿಡ್ಕೊಂಡು ದಾಟಬಹುದು. ಇಂಥಾ ಹೊಳೆ ಬದಿಯವನಿಗೆ ಹಾಯಿದೋಣಿ ಹುಚ್ಚು ಯಾಕೆ ಅಂತ ಊರಲ್ಲಿ ಎಲ್ರೂ ಕೇಳ್ತಾರೆ. ಹಳದಿ ಎಲೆ ರೋಗ ಬಂದು ಅರ್ಧ ತೋಟ ಬೋಳಾದ ಮೇಲೆ ಕೈಯಲ್ಲಿ ಸಮಯ ಇತ್ತು ಮಾರಾಯ್ರೆ, ಕೂತ್ರೆ ಬರೀ ಚಿಂತೆ, ಹಾಗಾಗಿ ದೋಣಿ ಕಟ್ಟಿದೆ.

ಆರು ಎಂಎಂ ಮರೈನ್ ಪ್ಲೈವುಡ್ಡು, ಎಪಾಕ್ಸಿ ಅನ್ನೋ ಗಟ್ಟಿ ಅಂಟು, ಗ್ಲಾಸ್ ಟೇಪು. ಹಲಗೆ ಕತ್ತರಿಸಿ ಅಂಚಿಗೆ ತೂತು ಹೊಡೆದು ತಾಮ್ರದ ತಂತಿಯಲ್ಲಿ ಬಟ್ಟೆ ಹೊಲಿದ ಹಾಗೆ ಹೊಲಿದು, ಒಳಗಿಂದ ಎಪಾಕ್ಸಿ ಬಳಿದು ಆಮೇಲೆ ತಂತಿ ಕಿತ್ತು ಬಿಡೋದು, ಬಡಗಿ ಕೆಲಸ ಗೊತ್ತಿಲ್ಲದವರಿಗೂ ಆಗತ್ತೆ. ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲ, ತಳ ಚಪ್ಪಟೆ. ಇಬ್ರು ಕೂತ್ರೂ ಒಂದು ಗೇಣು ನೀರು ಸಾಕು. ಹಾಯಿಗೆ ಅಡಿಕೆ ಮುಚ್ಚೋ ಟಾರ್ಪಾಲು. ಹಾಯಿಯ ಮೇಲಿನ ಅಡ್ಡಗೋಲಿಗೆ ಮುರಿದುಹೋದ ಕಾರ್ಬನ್ ದೋಟಿಯ (ಅಡಿಕೆ ಕೊಯ್ಯೋ ಉದ್ದ ಕೋಲು) ಒಂದು ಪೀಸು. ಅಡಿಕೆ ಕೊಯ್ಯೋರಿಗೆ ಗೊತ್ತುಂಟು, ಅದಕ್ಕಿಂತ ಹಗುರ, ಗಟ್ಟಿ ಸಾಮಾನು ಬೇರೆ ಸಿಗಲ್ಲ. ಆದ್ರೆ ಅದು ಕರೆಂಟ್ ಪಾಸ್ ಮಾಡತ್ತೆ, ತೋಟದಲ್ಲಿ ಲೈನ್ ಕೆಳಗೆ ದೋಟಿ ಎತ್ತಬೇಡಿ ಅಂತ ಹೇಳೋದು ಅದಕ್ಕೇ. ಹೊಳೆ ಮೇಲೆ ಅಡ್ಡ ಹೋಗಿರೋ ಕರೆಂಟ್ ತಂತಿ ಕಂಡ್ರೆ ನಾನು ಈಗ್ಲೂ ಹಾಯಿ ಇಳಿಸಿ ಹುಟ್ಟು ಹಾಕ್ಕೊಂಡೇ ದಾಟೋದು, ಎಷ್ಟೇ ಎತ್ತರ ಇರ್ಲಿ.

ಮೊದಲು ನಮ್ಮದೇ ನೀರಾವರಿ ಕೆರೆಯಲ್ಲಿ ಕಲಿತೆ. ಕಲಿತೆ ಅಂತ ಹೇಳೋದು ಜಾಸ್ತಿಯಾಯ್ತು, ಸುತ್ತ ಗುಡ್ಡ ಇರೋ ಕಡೆ ಗಾಳಿ ಒಂದು ನಿಮಿಷ ಈ ದಿಕ್ಕು ಒಂದು ನಿಮಿಷ ಆ ದಿಕ್ಕು, ದೋಣಿ ಬುಗುರಿ ಹಾಗೆ ತಿರುಗೋದು. ಅಮ್ಮ ಬಟ್ಟೆ ಒಗೀತಾ, ಅದು ಮುಂದೆ ಹೋಗೋದು ಯಾವಾಗ ಅಂತ ಕೇಳ್ತಿದ್ರು.

ಇದೇ ಪಯಸ್ವಿನಿ ಸುಳ್ಯ ದಾಟಿ ಕೇರಳಕ್ಕೆ ಹೋಗಿ ಚಂದ್ರಗಿರಿ ಹೊಳೆ ಅನ್ನೋ ಹೆಸರಲ್ಲಿ ಕಾಸರಗೋಡಿನ ತಳಂಗರೆ ಹತ್ರ ಕಡಲು ಸೇರತ್ತೆ. ಬಾವನ ಮನೆ ಅಲ್ಲೇ ಚೆಮ್ನಾಡು ಕಡೆ. ಬಾವನೇ ಒಂದು ದಿನ ಫೋನಲ್ಲಿ, "ನೀವು ಆ ಹೊಂಡದಲ್ಲಿ ಏನು ಮಾಡ್ತೀರಿ ಬಾವ, ಇಲ್ಲಿಗೆ ತನ್ನಿ, ಗಾಳಿ ಬೇಕಾದಷ್ಟುಂಟು" ಅಂದ್ರು. ಪಿಕಪ್ಪಲ್ಲಿ ದೋಣಿ ಕವುಚಿ ಕಟ್ಟಿ ಜಾಲ್ಸೂರು ರಸ್ತೆಯಲ್ಲಿ ಹೊರಟೆ. ಚೆಕ್‌ಪೋಸ್ಟಲ್ಲಿ ಇದೇನು ಅಂತ ಕೇಳಿದ್ರು, ದೋಣಿ ಅಂದೆ. ಘಟ್ಟದಿಂದ ಕಡಲಿಗೆ ದೋಣಿಯಾ ಅಂತ ನಕ್ಕು ಬಿಟ್ರು.

ಮೊದಲ ದಿನ ಆದದ್ದು ಹೇಳಿದ್ರೆ ನೀವೂ ನಗ್ತೀರಿ. ಘಟ್ಟದವನ ತಲೆಯಲ್ಲಿ ಹೊಳೆ ಅಂದ್ರೆ ಒಂದೇ ದಿಕ್ಕು, ಮೇಲಿಂದ ಕೆಳಗೆ. ಹಾಗಾಗಿ ಬಾವನ ಮನೆ ಕಡವಿಂದ (ದೋಣಿ ಇಳಿಸೋ ಜಾಗ) ನೀರಿನ ಜೊತೆ ಆರಾಮಾಗಿ ಕೆಳಗೆ ಹೋಗಿ ಚಂದ್ರಗಿರಿ ಕೋಟೆ ನೋಡ್ಕೊಂಡು ಬರುವ ಅಂತ ಲೆಕ್ಕ ಹಾಕಿದ್ದೆ. ದೋಣಿ ಇಳಿಸಿದ್ರೆ ಅದು ಮನೆ ಕಡೆಗೆ, ಅಂದ್ರೆ ಸಂಪಾಜೆ ದಿಕ್ಕಿಗೆ ಹೊರಟಿತು! ನೀರು ಮೇಲಕ್ಕೆ ಹರೀತಿತ್ತು, ತೆಂಗಿನ ಗರಿ, ಪ್ಲಾಸ್ಟಿಕ್ ಬಾಟ್ಲಿ ಎಲ್ಲಾ ಪೂರ್ವಕ್ಕೆ ಮೆರವಣಿಗೆ. ಉಬ್ಬರ ಇಳಿತ ಅಂತ ಶಾಲೆಯಲ್ಲಿ ಓದಿದ್ದೆ, ಆದ್ರೆ ಅದು ಬೀಚಲ್ಲಿ ಆಗೋದು ಅಂತಲೇ ನನ್ನ ತಲೆಯಲ್ಲಿ ಇದ್ದದ್ದು, ಅಷ್ಟು ಒಳಗಿನ ಹೊಳೆಯನ್ನೇ ತಿರುಗಿಸತ್ತೆ ಅಂತ ಗೊತ್ತಿರ್ಲಿಲ್ಲ. ಆಮೇಲೆ ಬಾವ ಹೇಳಿದ್ರು, ಬೇಸಿಗೆಯಲ್ಲಿ ಉಪ್ಪುನೀರು ಹೊಳೆ ಮೇಲಿರೋ ಬಾವಿಕ್ಕೆರೆವರೆಗೂ ಹೋಗ್ತಿತ್ತು, ಕಾಸರಗೋಡು ಪೇಟೆಯ ನಲ್ಲಿ ನೀರೇ ಉಪ್ಪಾಗೋದು, ಅದನ್ನ ತಡೀಲಿಕ್ಕೇ ಅಲ್ಲಿ ಅಣೆಕಟ್ಟು ಕಟ್ಟಿದ್ದು ಅಂತ.

ಎರಡನೇ ಪಾಠ ದುಬಾರಿ ಆಯ್ತು. ದೋಣಿ ಅಡ್ಡ ಜಾರದ ಹಾಗೆ ನೀರೊಳಗೆ ಒಂದು ಹಲಗೆ ಇಳಿಸ್ತಾರೆ, ನಾನು ಕಟ್ಟಿದ್ದು ಮೇಲಿಂದ ನೇರ ತುರುಕೋ ಥರದ್ದು, ಸುಲಭ ಅಂತ. ಸೇತುವೆ ದಾಟಿ ಒಳ್ಳೆ ಗಾಳಿಗೆ ಓಡ್ತಾ ಇದ್ದಾಗ ಅದು ಹೊಯಿಗೆ (ಮರಳು) ದಿಬ್ಬಕ್ಕೆ ಬಡೀತು. ನೇರ ಹಲಗೆ ಹಿಂದಕ್ಕೆ ಮಡಚಲ್ಲ ಅಲ್ವ, ಪೂರ್ತಿ ಪೆಟ್ಟು ಅದರ ಗೂಡಿಗೇ. ಟಕ್ ಅಂತ ಶಬ್ದ, ನಾನು ಮುಂದಕ್ಕೆ ಮುಗ್ಗರಿಸಿದೆ, ಗೂಡಿನ ಬುಡ ಸೀಳಿ ನೀರು ಒಳಗೆ ಬಂತು. ಬಾವ ತಿಂಡಿ ಡಬ್ಬದಲ್ಲಿ ನೀರು ಗೋರಿ ಹಾಕ್ತಾ ಹಾಕ್ತಾ ದಡ ಸೇರಿದ್ದು. ಈಗ ಇರೋದು ಒಂದು ಬೋಲ್ಟ್ ಮೇಲೆ ತಿರುಗೋ ಹಲಗೆ, ತಳಕ್ಕೆ ತಾಗಿದ್ರೆ ತಾನೇ ಹಿಂದಕ್ಕೆ ಮಡಚ್ಕೊಳ್ಳತ್ತೆ. ಚುಕ್ಕಾಣಿಯೂ ಹಾಗೇ. ಅಳಿವೆ (ಹೊಳೆ ಕಡಲು ಸೇರೋ ಜಾಗ) ಕಡೆ ದೋಣಿ ಓಡಿಸೋ ಆಸೆ ಇರೋರು ಬೇರೆ ಏನು ಉಳಿಸಿದ್ರೂ ಇದರಲ್ಲಿ ಉಳಿಸಬೇಡಿ. ಅದೂ ಅಲ್ಲದೆ ಆ ಹಲಗೆ ತಾಗೋ ಸದ್ದೇ ಆಳ ಅಳೆಯೋ ಮೀಟರು, ಕರಕರ ಅಂದ್ರೆ ಹೊಯಿಗೆ, ಸದ್ದಿಲ್ಲದೆ ದೋಣಿ ಭಾರ ಆದ್ರೆ ಕೆಸರು.

ಕೆಸರಿನ ಕಥೆ ಹೇಳ್ಬೇಕು. ಆವತ್ತು ಹುಣ್ಣಿಮೆ. ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ನೀರು ಜಾಸ್ತಿ ಏರೋದು, ಜಾಸ್ತಿ ಇಳಿಯೋದು. ನಮ್ಮ ಕರಾವಳಿಯಲ್ಲಿ ಅಂದ್ರೆ ಹೆಚ್ಚುಕಡಿಮೆ ಒಂದು ಮೀಟರಿಗೆ ಸ್ವಲ್ಪ ಮೇಲೆ, ಗುಜರಾತಿನ ಹಾಗೆ ಮಾಳಿಗೆ ಎತ್ತರ ಏನಲ್ಲ, ಆದ್ರೆ ಎರಡಡಿ ಆಳದ ಕವಲಿಗೆ ಒಂದು ಮೀಟರ್ ಅಂದ್ರೆ ಎಲ್ಲವೂ ಹೋದ ಹಾಗೆ. ಮಧ್ಯಾಹ್ನ ಪೂರ್ತಿ ನೀರು ಏರಿತ್ತು, ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯೋ ಮ್ಯಾಂಗ್ರೋವ್) ಗಿಡಗಳ ನಡುವೆ ಒಂದು ಸಣ್ಣ ಕವಲು ಕಂಡಿತು, ನೆರಳು ತಂಪು, ಮಿಂಚುಳ್ಳಿ ಬೇರೆ ಎದುರಿಂದ ಹಾರ್ತಾ ಹೋಯ್ತು, ಒಳಗೆ ಹೋದ್ವಿ. ಬುತ್ತಿ ಬಿಚ್ಚಿ ತಿಂದು ಒಂದು ನಿದ್ದೆ ತೆಗ್ದೆ. ಎದ್ದಾಗ ದೋಣಿ ಅಲುಗಾಡ್ತಾ ಇಲ್ಲ. ಬಗ್ಗಿ ನೋಡಿದ್ರೆ ಸುತ್ತ ನೀರಿಲ್ಲ, ಹೊಳೆಯೋ ಕಪ್ಪು ಕೆಸರು. ಇಳಿದು ತಳ್ಳುವ ಅಂತ ಬಾವ ಕಾಲಿಟ್ರು, ಮೊಣಕಾಲು ದಾಟಿ ತೊಡೆವರೆಗೆ ಹೋಯ್ತು, ನಾನು ಕೈ ಹಿಡಿದು ಎಳೆದೆ, ಚಪ್ಪಲಿ ಅಲ್ಲೇ ಉಳೀತು. ಇವತ್ತಿಗೂ ಅಲ್ಲೇ ಇರ್ಬೇಕು.

ಆಮೇಲೆ ಕೂತು ಕಾಯೋದು. ಕೆಸರು ಸುಮ್ನಿರಲ್ಲ ಗೊತ್ತುಂಟಾ, ಸಣ್ಣ ಸಣ್ಣ ಗುಳ್ಳೆ ಒಡೆಯೋ ಚಿಟಿಚಿಟಿ ಸದ್ದು ಎಲ್ಲಾ ಕಡೆಯಿಂದ. ತೂತುಗಳಿಂದ ಒಂದು ಕೈ ಮಾತ್ರ ದೊಡ್ಡದಿರೋ ಏಡಿಗಳು ಹೊರಗೆ ಬಂದು ಆ ಕೈ ಎತ್ತಿ ಎತ್ತಿ ಬೀಸ್ತಾ ಇದ್ವು, ನಮ್ಮನ್ನ ಬನ್ನಿ ಬನ್ನಿ ಅಂತ ಕರೆದ ಹಾಗೆ. ಕಣ್ಣು ತಲೆ ಮೇಲಿರೋ ಒಂದು ಮೀನು ಕೆಸರಲ್ಲೇ ಕುಪ್ಪಳಿಸ್ತಿತ್ತು. ಬೆರಳಿಗೆ ಕೆಸರು ತಗೊಂಡು ತಿಕ್ಕಿ ನೋಡಿದೆ, ಬೆಣ್ಣೆ ಹಾಗೆ ನುಣ್ಣಗೆ, ಒಂದು ಕಲ್ಲಿನ ಚೂರೂ ಇಲ್ಲ. 2018ರ ಆಗಸ್ಟಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದಾಗ ನಮ್ಮ ತೋಟದ ಕೆಳಗೆ ಹೊಳೆ ಕೆಂಪು ಗಂಜಿ ಹಾಗೆ ಹೋದದ್ದು ನೋಡಿದ್ದೆ, ಆ ಮಣ್ಣೆಲ್ಲ ಎಲ್ಲಿ ಹೋಗಿ ಕೂರತ್ತೆ ಅಂತ ಆವಾಗ ತಲೆಗೇ ಬಂದಿರ್ಲಿಲ್ಲ.

ಸಂಜೆ ಸೊಳ್ಳೆ. ರಾತ್ರಿ ಭರತಕ್ಕೆ, ಅಂದ್ರೆ ಉಬ್ಬರಕ್ಕೆ, ದೋಣಿ ಏಳ್ತದೆ ಅಂತ ಧೈರ್ಯದಲ್ಲಿದ್ವಿ. ಹನ್ನೆರಡು ಗಂಟೆ ಹೊತ್ತಿಗೆ ನೀರು ಬಂತು, ದೋಣಿ ಸುತ್ತ ಬಂತು, ತಳ ಸ್ವಲ್ಪ ಹಗುರ ಆಯ್ತು, ಅಲ್ಲಿಗೇ ನಿಂತಿತು. ದಿನದ ಎರಡು ಭರತ ಸಮ ಇರಲ್ಲ, ಒಂದು ದೊಡ್ಡದು ಒಂದು ಚಿಕ್ಕದು, ಆವತ್ತು ವ್ಯತ್ಯಾಸ ಒಂದು ಗೇಣು ಇದ್ದಿರ್ಬೇಕು, ನಮ್ಮ ದೋಣಿಗೆ ಬೇಕಾದದ್ದೂ ಅದೇ ಒಂದು ಗೇಣು. ಕೊನೆಗೆ ಲಂಗರನ್ನ ಆದಷ್ಟು ದೂರ ಕವಲಿನ ನಡುವಿಗೆ ಎಸೆದು ಹಗ್ಗ ಜಗ್ಗಿದ್ವಿ, ಬಾವ ಹಿಂದೆ ಜಲ್ಲೆ ಊರಿ ಮೀಟಿದ್ರು. ಇಂಚು ಇಂಚಾಗಿ ಜಾರಿ ಬಂತು. ಮನೆಗೆ ಬರುವಾಗ ಎರಡೂವರೆ, ಅಕ್ಕ ಬಾಗಿಲು ತೆಗೆದವಳು ನಮ್ಮಿಬ್ಬರ ಬಟ್ಟೆ ನೋಡಿ ಏನೂ ಮಾತಾಡದೆ ಹಿತ್ತಿಲ ಬಾಗಿಲು ತೋರಿಸಿದ್ಲು.

ಮರುದಿನ ಕಡವಿನಲ್ಲಿ ಮರುವಾಯಿ ಚಿಪ್ಪು ಹೆಕ್ಕೋ ಒಬ್ರು ಇಚ್ಚ (ಅಲ್ಲಿ ಮುಸ್ಲಿಂ ಅಣ್ಣಂದಿರನ್ನ ಹಾಗೆ ಕರೆಯೋದು) ಕಥೆ ಕೇಳಿ ಬೈದ್ರು. "ನೀರು ಏರುವಾಗ ಒಳಗೆ ಹೋಗ್ಬೇಕು ಬಾವ, ಕೂತ್ರೆ ನೀರೇ ಎತ್ತತದೆ. ತುಂಬಿ ನಿಂತ ಮೇಲೆ ಹೋದವನಿಗೆ ಯಾರು ಎತ್ತುದು?" ಬಾವನಿಗೆ ಬಾವ ಆದ್ದರಿಂದ ಅವರಿಗೂ ನಾನು ಬಾವನೇ. ಅವರು ಹೇಳಿದ್ದು ಅಷ್ಟೇ, ನಾನು ಈಗ ಮಾಡೋದೂ ಅಷ್ಟೇ: ಗೊತ್ತಿಲ್ಲದ ಕವಲಿಗೆ ಹೋಗೋದು ಅರ್ಧ ಏರಿದ ನೀರಲ್ಲಿ, ಏರುಮುಖ ಇರುವಾಗ ಮಾತ್ರ. ತಳ ತಾಗಿದ್ರೆ ಹಲಗೆ ಎತ್ತಿ, ಒಂದು ಬೀಡಾ ಹಾಕ್ಕೊಂಡು ಕೂತ್ರೆ ಸಾಕು. ಇನ್ನೊಂದು ಲಾಭ, ಅರ್ಧ ನೀರಲ್ಲಿ ದಿಬ್ಬಗಳ ಬೆನ್ನು ಕಾಣತ್ತೆ, ಹೊಂಡ ಎಲ್ಲಿ ಅಂತ ಗೊತ್ತಾಗತ್ತೆ, ಪೂರ್ತಿ ತುಂಬಿದಾಗ ಎಲ್ಲಾ ಒಂದೇ ಕನ್ನಡಿ.

ಆಮೇಲೆ ಪಂಚಾಂಗ ಹಿಡ್ಕೊಂಡು ಲೆಕ್ಕ ಶುರು ಮಾಡಿದೆ. ಹುಣ್ಣಿಮೆ ಅಮಾವಾಸ್ಯೆಗೆ ಅಲ್ಲಿ ನೀರು ತುಂಬೋದು ಮಧ್ಯಾಹ್ನದ ಆಸುಪಾಸು, ಮತ್ತೆ ಮಧ್ಯರಾತ್ರಿ. ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗತ್ತೆ. ಬೇಸಿಗೆಯಲ್ಲಿ ಪಡುಗಾಳಿ ಏಳೋದು ಮಧ್ಯಾಹ್ನದ ಮೇಲೆ. ಹುಣ್ಣಿಮೆ ದಿನ ಅಂದ್ರೆ ಗಾಳಿ ಒಳಗೆ ತಳ್ಳೋ ಹೊತ್ತಿಗೇ ನೀರು ಹೊರಗೆ ಓಡ್ತಾ ಇರತ್ತೆ, ಎರಡೂ ಎದುರಾಬದುರು ಬಿದ್ದು ಅಳಿವೆ ಬಾಯಲ್ಲಿ ಚೂಪು ಚೂಪು ಅಲೆ ಏಳ್ತದೆ, ನಮ್ಮಂಥಾ ಪ್ಲೈವುಡ್ ದೋಣಿಗೆ ಅದು ಬೇಡವೇ ಬೇಡ. ಅಷ್ಟಮಿ ನವಮಿ ಹೊತ್ತಿಗೆ ನೋಡಿ, ಮಧ್ಯಾಹ್ನ ನೀರು ಕೆಳಗೆ, ಸಂಜೆ ಐದಾರಕ್ಕೆ ಮೇಲೆ. ಏರಿಳಿತವೂ ಕಮ್ಮಿ. ಗಾಳಿ, ನೀರು ಎರಡೂ ಒಟ್ಟಿಗೆ ಪೂರ್ವಕ್ಕೆ. ಎಲ್ರೂ ಹುಣ್ಣಿಮೆ ಚಂದ ಅಂತ ಹೋಗೋದು, ನಂಗೆ ಅಷ್ಟಮಿಯೇ ಚಂದ.

ಕಳೆದ ಬೇಸಿಗೆ ಹಾಗೇ ಹೋದದ್ದು. ರೈಲ್ವೆ ಸೇತುವೆ ಕೆಳಗೆ ಹೆದರಿ ಕಂಬ ಇಳಿಸಿದೆ, ಇಳಿಸಬೇಕಂತ ಇರ್ಲಿಲ್ವೋ ಏನೋ. ಮೇಲೆ ಗೂಡ್ಸ್ ರೈಲು ಹೋದಾಗ ನೀರೇ ನಡುಗಿದ ಹಾಗಾಯ್ತು. ಆಮೇಲೆ ಹಾಯಿ ಎತ್ತಿ ಹಲಗೆ ಅರ್ಧ ಮಡಚಿ ಚುಕ್ಕಾಣಿ ಎರಡು ಬೆರಳಲ್ಲಿ ಹಿಡ್ಕೊಂಡು ಕೂತವನು ಸಂಜೆಗೆ ತೆಕ್ಕಿಲ್ ಹತ್ರ ಇದ್ದೆ, ಒಂದು ಹುಟ್ಟೂ ಹಾಕದೆ. ನೀರು ಏರೋದು ನಿಂತಾಗ ಒಂದು ಹತ್ತು ನಿಮಿಷ ಯಾವ ಕಡೆಗೂ ಹರಿಯಲ್ಲ, ತೆಂಗಿನ ಗರಿ ನಿಂತಲ್ಲೇ ನಿಲ್ಲತ್ತೆ, ಅದನ್ನ ನೋಡ್ಲಿಕ್ಕೇ ನಾನು ಮತ್ತೆ ಮತ್ತೆ ಹೋಗೋದು ಅನ್ಸತ್ತೆ. ರಾತ್ರಿ ದಡದಲ್ಲಿ ಮಲಗಿ ಬೆಳಿಗ್ಗೆ ಮೂಡುಗಾಳಿ, ಇಳಿಯೋ ನೀರು ಹಿಡ್ಕೊಂಡು ವಾಪಸ್. ಕಡಲಿಗೆ ಮಾತ್ರ ಇವತ್ತಿನವರೆಗೂ ಇಳಿದಿಲ್ಲ. ಇಳಿತದ ಹೊತ್ತಿಗೆ ಅಳಿವೆ ಬಾಯಿ ಹೊರಗೆ ಎಳೆಯತ್ತೆ, ಮೋಟಾರ್ ಇಲ್ಲದವರಿಗೆ ಅಲ್ಲಿ ಕೆಲಸ ಇಲ್ಲ. ಲೈಫ್ ಜಾಕೆಟ್ ಈಜು ಬರೋರೂ ಹಾಕ್ಕೊಳ್ಳಿ. ಜೂನಿಂದ ಸೆಪ್ಟೆಂಬರ್ ದೋಣಿ ಕೊಟ್ಟಿಗೆಯಲ್ಲಿ, ಘಟ್ಟದ ಮಳೆ ಇಳಿದ್ರೆ ಹೊಳೆ ಉಬ್ಬರದ ಮಾತು ಕೇಳಲ್ಲ.

ಈಗ ಹಾಯಿ ಹೊಸದು, ಶಾಮಿಯಾನ ಹೊಲಿಯೋ ಟೈಲರ್ ಹತ್ರ ಹೊಲಿಸಿದ್ದು. ಟಾರ್ಪಾಲು ಹಿಗ್ಗಿ ಜೋಲು ಬಿದ್ದು ಎದುರುಗಾಳಿಗೆ ಹೋಗ್ತಾನೇ ಇರ್ಲಿಲ್ಲ. ಹಳೇದನ್ನ ನೆನಪಿಗೆ ಅಂತ ಅಟ್ಟದಲ್ಲಿ ಮಡಚಿ ಇಟ್ಟಿದ್ದೆ. ಮೊನ್ನೆ ಸಂಜೆ ಗುಡುಗು ಶುರು ಆದಾಗ ಅಮ್ಮ ಅಂಗಳದಿಂದ ಕೂಗಿದ್ರು, "ಆ ನಿನ್ನ ಹಾಯಿ ಎಲ್ಲುಂಟು ಮಾರಾಯ, ಬೇಗ ತಾ, ಅಡಿಕೆ ಚಂಡಿ ಆಗ್ತದೆ."