ಓನಿ ಇದ್ದರೂ ಈಟಿಯ ಅಳತೆ ಸರಿ ಇರಬೇಕು

ಜಪಾನಿ ಕಥೆಗಳ ಓನಿ (ಕೊಂಬಿನ ರಾಕ್ಷಸ), ಟೆಂಗು (ರೆಕ್ಕೆಯ ಭೂತ), ಕಪ್ಪಾ (ನೀರಿನ ಭೂತ) ಎಲ್ಲ ಓಡಾಡುವ, ಮೇಜಿನ ಮೇಲೆ ಪುಟ್ಟ ಗೊಂಬೆಗಳನ್ನಿಟ್ಟು ಆಡುವ ಯುದ್ಧದ ಆಟದಲ್ಲಿ ಇತಿಹಾಸದ ಲೆಕ್ಕ ಯಾಕೆ ಅಂತ ತುಂಬಾ ಜನ ಕೇಳ್ತಾರೆ. ಪಕ್ಕದಲ್ಲಿ ನಿಂತಿರುವ ಮನುಷ್ಯ ನಂಬುವ ಹಾಗಿದ್ದರೆ ತಾನೇ ಓನಿಯನ್ನು ನೋಡಿ ಭಯ ಆಗೋದು? ನನ್ನ ಜಪಾನಿ ಪಡೆಯನ್ನು ಕಟ್ಟಿದ್ದು ಇದೊಂದೇ ಯೋಚನೆ ಮೇಲೆ.

ಮೊದಲು ಒಂದು ಇಸವಿ ಹಿಡಿದುಕೊಂಡೆ: 1575, ಜಪಾನಿನ ನಾಗಾಶಿನೊ ಯುದ್ಧದ ವರ್ಷ. ಪೋರ್ಚುಗೀಸರ ಬಂದೂಕು ತನೆಗಾಶಿಮಾ ದ್ವೀಪಕ್ಕೆ ಬಂದು ಮೂವತ್ತು ವರ್ಷ ಕಳೆದಿತ್ತು, ಅಶಿಗರು ಕಾಲಾಳುಗಳ ಕೈಗೂ ಅದು ಬಂದಿತ್ತು, ಬೆನ್ನಿಗೆ ಕಟ್ಟುವ ಸಾಶಿಮೊನೊ ಬಾವುಟವೂ ಬಳಕೆಯಲ್ಲಿತ್ತು. ಇಸವಿ ಗಟ್ಟಿಯಾದರೆ ಯಾವ ಗೊಂಬೆ ಬೇಡ ಅನ್ನೋದು ತಾನಾಗೇ ಗೊತ್ತಾಗುತ್ತೆ. ಭುಜಕ್ಕೆ ದೊಡ್ಡ ಹಲಗೆ ತೂಗುವ ಓ-ಯೊರೊಯಿ ಕವಚ ಇದಕ್ಕಿಂತ ಎಷ್ಟೋ ಹಿಂದಿನದು. ಹಾಗಂತ ಆ ಗೊಂಬೆಗಳನ್ನು ನಾನು ಎಸೆಯಲಿಲ್ಲ. ಅವೇ ನನ್ನ ದೆವ್ವಗಳಾದವು. 1185ರಲ್ಲಿ ದಾನ್-ನೊ-ಉರಾದ ಕಡಲ ಯುದ್ಧದಲ್ಲಿ ಮುಳುಗಿ ಸತ್ತ ತೈರಾ ವಂಶದವರು ಪ್ರೇತಗಳಾಗಿ ಬರ್ತಾರೆ ಅನ್ನುವ ಕಥೆ ಅಲ್ಲಿ ಹಳೆಯದು, ಹಾಗಾಗಿ ಅವರ ಮೈಮೇಲೆ ನಾಲ್ಕು ಶತಮಾನ ಹಿಂದಿನ ಕವಚ ಇರೋದೇ ಸರಿ ಅಲ್ವಾ? ತಿಳಿ ನೀಲಿ, ಹಸಿರು ಬಳಿದೆ, ಅಷ್ಟೇ.

ಇನ್ನು ಸ್ಕೇಲ್. ಗೊಂಬೆಯ ಎತ್ತರ 28 ಮಿ.ಮೀ. ಅನ್ನೋದನ್ನು ಸಾಮಾನ್ಯವಾಗಿ ಅಂಗಾಲಿನಿಂದ ಕಣ್ಣಿನವರೆಗೆ ಅಳೆಯುತ್ತಾರೆ, ಕೆಲವರು ನೆತ್ತಿಯವರೆಗೆ. ಅದರ ಮೇಲೆ 'ಹೀರೋಯಿಕ್' ಅಂತ ಹೇಳಿ ತಲೆ, ಕೈ, ಆಯುಧ ಎಲ್ಲ ದಪ್ಪ ಮಾಡಿರುತ್ತಾರೆ. ನಾನು 1:56, ಅಂದ್ರೆ ನಿಜದ ಅಳತೆಯ 56ರಲ್ಲಿ ಒಂದು ಪಾಲು ಅಂತ ಇಟ್ಟುಕೊಂಡು ಎಲ್ಲದಕ್ಕೂ ಕ್ಯಾಲ್ಕುಲೇಟರ್ ಒತ್ತಿದೆ. 70 ಸೆಂ.ಮೀ. ಕತಾನಾ ಕತ್ತಿಯ ಅಲಗು ಅಂದ್ರೆ 12.5 ಮಿ.ಮೀ. ಫ್ಯಾಂಟಸಿ ಗೊಂಬೆಯ ಕೈಯಲ್ಲಿರೋದು 20 ಮಿ.ಮೀ. ಇದ್ದರೆ ಅದು ನಿಜದಲ್ಲಿ ಒಂದು ಮೀಟರ್ ದಾಟುತ್ತೆ. ಅಂಥವನ್ನು ಅರದಿಂದ ಉಜ್ಜಿ ಗಿಡ್ಡ ಮಾಡಿದೆ, ಉಜ್ಜೋಕೆ ಬೇಜಾರಾದಾಗ ಅವನೇ ನೊದಾಚಿ ಅನ್ನುವ ಉದ್ದ ಕತ್ತಿ ಹಿಡಿದವನು ಅಂತ ಪಟ್ಟಿಯಲ್ಲಿ ಬರೆದುಕೊಂಡೆ!

ಈಟಿಯಲ್ಲಿ ಉಲ್ಟಾ. ಡಬ್ಬಿಯಲ್ಲಿ ಬರುವ ಈಟಿ ಎಲ್ಲ ಗಿಡ್ಡ. ಆ ಕಾಲದ ಅಶಿಗರುಗಳ ಉದ್ದ ಈಟಿ 5 ಮೀಟರ್ ದಾಟುತ್ತಿತ್ತು. 5.4 ಮೀಟರ್ ಅಂದ್ರೆ ನಮ್ಮ ಲೆಕ್ಕದಲ್ಲಿ 96 ಮಿ.ಮೀ., ಗೊಂಬೆಯ ಮೂರು ಪಟ್ಟು! ಹಳೇ ಈಟಿ ಕತ್ತರಿಸಿ, ಮುಷ್ಟಿಯಲ್ಲಿ ಸಣ್ಣ ಡ್ರಿಲ್‌ನಿಂದ ತೂತು ಮಾಡಿ, 0.8 ಮಿ.ಮೀ. ಹಿತ್ತಾಳೆ ತಂತಿ ತೂರಿಸಿದೆ. ತಂತಿಯ ತುದಿಯನ್ನು ಮೊದಲೇ ಸುತ್ತಿಗೆಯಿಂದ ಚಪ್ಪಟೆ ಮಾಡಿ ಅರದಿಂದ ಚೂಪು ಮಾಡಿಕೊಂಡರೆ ಅದೇ ಅಲಗು, ಬೇರೆ ಅಂಟಿಸೋ ತಲೆನೋವಿಲ್ಲ. ಡಬ್ಬಿಯಲ್ಲಿಡುವಾಗ ಬಾಗುತ್ತೆ, ಬೆರಳಲ್ಲೇ ನೇರ ಮಾಡಬಹುದು. ಬಿಲ್ಲು ಕೂಡ ನೋಡಿಕೊಳ್ಳಿ: ಯುಮಿ ಸುಮಾರು 2.2 ಮೀಟರ್, ಅಂದ್ರೆ 39 ಮಿ.ಮೀ., ಹಿಡಿಯುವ ಜಾಗ ನಡುವಿಗಿಂತ ಕೆಳಗೆ.

ಕುದುರೆಯಲ್ಲಂತೂ ಎಲ್ಲರೂ ಧಾರಾಳಿಗಳು. ಜಪಾನಿನ ಕಿಸೊ ತಳಿಯ ಎತ್ತರ ಭುಜದ ಹತ್ತಿರ ಸುಮಾರು 130 ಸೆಂ.ಮೀ., ಗೊಂಬೆಯಲ್ಲಿ 23 ಮಿ.ಮೀ. ಯುರೋಪಿನ ನೈಟ್‌ಗಳ ದೊಡ್ಡ ಕುದುರೆ ಬಿಟ್ಟು, ಮಂಗೋಲ್ ಸವಾರರ ಸೆಟ್‌ನಿಂದ ಕುಳ್ಳ ಕುದುರೆ ತಗೊಂಡೆ. ರಿಕಾಪು ಮಾತ್ರ ಪುಟ್ಟಿಯಲ್ಲಿ ಹೊಸದಾಗಿ ಮಾಡಬೇಕಾಯಿತು, ಯಾಕಂದ್ರೆ ಜಪಾನಿನದು ಬಳೆಯ ಹಾಗಿರಲ್ಲ, ಇಡೀ ಪಾದ ಇಡುವಷ್ಟು ಅಗಲ, ಮುಂದೆ ಮೇಲಕ್ಕೆ ಬಾಗಿರುತ್ತೆ.

ಕೆಂಪು ಕವಚ ಎಲ್ಲರಿಗೂ ಬಳಿಯಬೇಡಿ. ತಕೆಡಾ ವಂಶದ ಕಡೆಯ ಸೇನಾನಿ ಯಮಗತಾ ಮಸಕಗೆ, ಆಮೇಲೆ ಇಯಿ ನಾವೊಮಸಾ ಅನ್ನುವ ಸೇನಾನಿ, ಇವರ ದಂಡುಗಳು ಅದಕ್ಕೆ ಹೆಸರಾಗಿದ್ದವು, ನಾನು ಒಂದೇ ತುಕಡಿಗೆ ಇಟ್ಟೆ. ಉಳಿದವರಿಗೆ ಕಪ್ಪು, ಕಂದು. ಅರಗಿನ ಮೆರುಗಿಗೆ ಕವಚದ ಪಟ್ಟಿಗಳಿಗೆ ಹೊಳೆಯುವ ವಾರ್ನಿಷ್, ಹೆಣೆದ ದಾರಕ್ಕೆ ಮ್ಯಾಟ್.

32 ಮಿ.ಮೀ. ಗೊಂಬೆಗಳನ್ನು ಮನುಷ್ಯರ ಸಾಲಿಗೆ ಸೇರಿಸಲೇ ಇಲ್ಲ, ಓನಿಗಳ ಕಡೆಗೆ ಹಾಕಿದೆ. ದೊಡ್ಡ ಓನಿ 50 ಮಿ.ಮೀ., ಅಂದ್ರೆ 2.8 ಮೀಟರ್ ಆಳು. ಅವನಿಗೂ ನಿಯಮ ಇದೆ: ಎತ್ತಿನ ಕೊಂಬು, ಹುಲಿ ಚರ್ಮದ ಲಂಗೋಟಿ, ಕೈಯಲ್ಲಿ ಕನಬೊ ಅನ್ನುವ ಕಬ್ಬಿಣದ ಗದೆ. ಕೊಂಬು, ಚರ್ಮ ಯಾಕಂದ್ರೆ ಅಲ್ಲಿನ ಪಂಚಾಂಗದಲ್ಲಿ ಈಶಾನ್ಯ ಎತ್ತು-ಹುಲಿಯ ದಿಕ್ಕು, ದುಷ್ಟಶಕ್ತಿ ಬರುವ ಬಾಗಿಲು. ನಮ್ಮಲ್ಲಿ ಅದೇ ಮೂಲೆಯಲ್ಲಿ ದೇವರ ಮನೆ ಕಟ್ತೀವಿ, ಇರಲಿ. ಟೆಂಗುಗಳಿಗೆ ಯಮಬುಶಿ ಸನ್ಯಾಸಿಗಳ ಪುಟ್ಟ ಕಪ್ಪು ಟೋಪಿ ಹಾಕಿಸಿದೆ, ರೆಕ್ಕೆಯ ಅಳತೆಗೆ ಮಾತ್ರ ಕ್ಯಾಲ್ಕುಲೇಟರ್ ಮುಟ್ಟಲಿಲ್ಲ.