ಜಗಲಿಯಲ್ಲಿ ಮೂರು ಜಾತಿ ಪುದೀನ

ಮಡಿಕೇರಿ ಸಂತೆಯಿಂದ ಪಲಾವಿಗೆಂದು ತಂದ ಪುದೀನ ಕಟ್ಟಿನಿಂದಲೇ ನನ್ನ ಮೊದಲ ಗಿಡ ಆದದ್ದು. ಬಲಿತ ದಂಟು ಆರಿಸಿ, ಗಿಣ್ಣಿನ ಕೆಳಗೆ ಕತ್ತರಿಸಿ, ಬುಡದ ಎಲೆ ಕಿತ್ತು ನೀರಿನ ಲೋಟದಲ್ಲಿಟ್ಟರೆ ಒಂದೆರಡು ವಾರದಲ್ಲಿ ಬಿಳಿ ಬೇರು ಇಳಿಯುತ್ತದೆ. ಡಿಸೆಂಬರ್ ಚಳಿಯಲ್ಲಿ ಇನ್ನೂ ತಡ.

ಇದು ಸ್ಪಿಯರ್‌ಮಿಂಟ್. ಎಲೆಗೆ ತೊಟ್ಟು ಇದ್ದೂ ಇಲ್ಲದ ಹಾಗೆ. ಅಗಿದರೆ ಘಮ ತುಂಬುತ್ತದೆ, ಆದರೆ ನಾಲಿಗೆ ತಣ್ಣಗಾಗುವುದಿಲ್ಲ. ಆ ಘಮ ಕಾರ್ವೋನ್ ಎಂಬ ಎಣ್ಣೆಯಂಶದ್ದು, ತಂಪು ಕೊಡುವ ಮೆಂಥಾಲ್ ಇದರಲ್ಲಿ ನೆಪಕ್ಕಷ್ಟೇ. ತವರು ಯುರೋಪ್ ಮತ್ತು ಪಶ್ಚಿಮ ಏಷ್ಯಾದ ಕಡೆ. ಚಟ್ನಿಗೆ, ಬಿರಿಯಾನಿಗೆ ಇದನ್ನು ಮೀರಿಸುವುದು ಇನ್ನೊಂದಿಲ್ಲ.

ಎರಡನೆಯದು ನರ್ಸರಿಯಿಂದ ತಂದ ಪೆಪ್ಪರ್‌ಮಿಂಟ್. ಎಲೆಗೆ ಎದ್ದು ಕಾಣುವ ತೊಟ್ಟು, ಬಿಸಿಲು ಬಿದ್ದ ಕಡೆ ದಂಟಿಗೆ ನೇರಳೆ ಬಣ್ಣ, ಅಗಿದು ಉಸಿರೆಳೆದರೆ ಗಂಟಲ ತನಕ ತಂಪು. ಇದು ಸ್ಪಿಯರ್‌ಮಿಂಟ್ ಮತ್ತು ಹಳ್ಳದ ಬದಿಯಲ್ಲಿ ಬೆಳೆಯುವ ವಾಟರ್‌ಮಿಂಟ್ ತಾವಾಗಿ ಬೆರೆತು ಹುಟ್ಟಿದ ತಳಿ. ಹದಿನೇಳನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ರೇ ಇದನ್ನು ದಾಖಲಿಸಿದ. ಬೆರಕೆಯಾದ್ದರಿಂದ ಬೀಜ ಕಟ್ಟುವುದಿಲ್ಲ ಎಂದೇ ಹೇಳಬೇಕು. ಹಾಗಾಗಿ ‘ಪೆಪ್ಪರ್‌ಮಿಂಟ್ ಬೀಜ’ ಎಂದು ಪ್ಯಾಕೆಟ್ ಮಾರುತ್ತಿದ್ದರೆ ದುಡ್ಡು ಉಳಿಸಿಕೊಳ್ಳಿ. ದಂಟು ಅಥವಾ ಹಬ್ಬುವ ಬಳ್ಳಿಬೇರಿನ ತುಂಡು ಯಾರಾದರೂ ಕೊಟ್ಟರೆ ಸಾಕು.

ಮೂರನೆಯದು ಜಪಾನೀಸ್ ಮಿಂಟ್. ಉತ್ತರ ಪ್ರದೇಶದ ಬಾರಾಬಂಕಿ ಸುತ್ತ ಹೊಲಗಟ್ಟಲೆ ಬೆಳೆದು ಎಣ್ಣೆ ಇಳಿಸುವುದು ಇದನ್ನೇ. ಮುಲಾಮು, ಪೇಸ್ಟುಗಳ ಮೆಂಥಾಲ್ ಅಲ್ಲಿಂದ ಬರುತ್ತದೆ. ಅಡುಗೆಗೆ ನನಗೆ ಕಹಿ. ಮಳೆಗಾಲದ ಶೀತಕ್ಕೆ ಆವಿ ತೆಗೆದುಕೊಳ್ಳಲು ಒಂದು ಕುಂಡ ಇಟ್ಟಿದ್ದೇನೆ, ಅಷ್ಟೇ.

ಪುದೀನಕ್ಕೆ ನೀರು ಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದು ಬಯಲುಸೀಮೆಯ ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಸುರಿಯುವ ನಮ್ಮಲ್ಲಿ ನೀರು ಬಸಿದು ಹೋಗುವುದೇ ಮುಖ್ಯ. ಅಂಗಳದಲ್ಲಿ ನೆಟ್ಟರೆ ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಹೊತ್ತಿಗೆ ಬುಡ ಕೊಳೆಯುತ್ತದೆ, ಉಳಿದದ್ದನ್ನು ಬಸವನಹುಳು ಮುಗಿಸುತ್ತದೆ. ನಾನು ಆಳಕ್ಕಿಂತ ಅಗಲ ಜಾಸ್ತಿ ಇರುವ ಟಬ್ಬುಗಳಿಗೆ ತೂತು ಕೊರೆದು, ಜಗಲಿಯ ಸೂರಿನಡಿ ಇಟ್ಟಿಗೆ ಮೇಲೆ ಇಟ್ಟಿದ್ದೇನೆ. ಬೇರು ಅಡ್ಡಡ್ಡ ಓಡುವುದರಿಂದ ಆಳ ಬೇಕಾಗಿಲ್ಲ. ಟಬ್ಬಿಗೆ ತುಂಬುವುದು ಕೊಳೆತ ಕಾಫಿ ಸಿಪ್ಪೆ, ಹಟ್ಟಿಗೊಬ್ಬರ, ಹೊಳೆ ಮರಳು, ತೋಟದ ಮೇಲ್ಮಣ್ಣು. ನಮ್ಮ ಮಣ್ಣಿನ ಹುಳಿ ಮುರಿಯಲು ಒಂದು ಚಿಟಿಕೆ ಕೃಷಿ ಸುಣ್ಣ. ಬೆಳಗಿನ ಬಿಸಿಲು ಬಿದ್ದರೆ ಸಾಕು.

ಎಲೆ ಮಗುಚಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಸಣ್ಣ ಗುಳ್ಳೆ ಎದ್ದು, ಬೆರಳಿಗೆ ಪುಡಿ ಅಂಟಿದರೆ ತುಕ್ಕು ರೋಗ. ಔಷಧಿ ಹೊಡೆದ ಸೊಪ್ಪನ್ನು ಚಟ್ನಿಗೆ ಹಾಕಲು ನನಗೆ ಮನಸ್ಸಿಲ್ಲ. ದಂಟೆಲ್ಲ ಮಣ್ಣಿನ ಮಟ್ಟಕ್ಕೆ ಸವರಿ ಒಲೆಗೆ ಹಾಕುತ್ತೇನೆ. ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ.

ಬೇರೆ ಬೇರೆ ಜಾತಿ ಪಕ್ಕಪಕ್ಕ ನೆಟ್ಟರೆ ವಾಸನೆ ಬೆರೆತುಹೋಗುತ್ತದೆ ಎಂದು ಪಕ್ಕದ ಮನೆಯ ಅಕ್ಕ ಈಗಲೂ ವಾದಿಸುತ್ತಾರೆ. ಹೂವಿನ ಪರಾಗ ಬೆರೆತರೆ ಬದಲಾಗುವುದು ಬೀಜದಿಂದ ಹುಟ್ಟುವ ಸಸಿ, ಇರುವ ಗಿಡದ ಎಲೆಯಲ್ಲ. ನಿಜವಾದ ತೊಂದರೆ ಬೇರೆ: ಒಂದೇ ಟಬ್ಬಿನಲ್ಲಿ ನೆಟ್ಟರೆ ಜೋರಾದದ್ದು ಇನ್ನೊಂದನ್ನು ನುಂಗಿಬಿಡುತ್ತದೆ. ಅದಕ್ಕೇ ಒಂದೊಂದಕ್ಕೂ ಬೇರೆ ಟಬ್ಬು. ಮಳೆ ಹಿಂತೆಗೆದ ಮೇಲೆ ಅಕ್ಟೋಬರಿನಲ್ಲಿ ಗಂಟುಬಿದ್ದ ಬೇರು ಬಿಡಿಸಿ, ಎಳೆಯ ತುದಿಗಳನ್ನಷ್ಟೇ ಹೊಸ ಮಣ್ಣಿಗೆ ಹಾಕುತ್ತೇನೆ, ನಡುವಿನ ಕಟ್ಟಿಗೆಯಂಥ ಭಾಗ ಗೊಬ್ಬರದ ಗುಂಡಿಗೆ.