30 ಮನೆಗೆ ಒಂದೇ ಪಟಾಕಿ ರಾತ್ರಿ: ಮೂರನೇ ವರ್ಷಕ್ಕೆ ಗೆದ್ದೆ

"ಪಟಾಕಿ ಅಂದ್ರೆ ಅವರವರ ಮನೆ ಮುಂದೆ ಅವರವರೇ ಹಚ್ಚಬೇಕು, ಒಟ್ಟಿಗೆ ಎಲ್ಲ ಆಗಲ್ಲ" ಎಂದಿದ್ದ ಹಿರಿಯರೇ ಈ ಸಲ ಮೊದಲು ದುಡ್ಡು ತಂದುಕೊಟ್ಟರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಬೀದಿಯಲ್ಲಿ ಸುಮಾರು 30 ಮನೆ. ಒಮ್ಮೆ ಎಲ್ಲರ ಪಟಾಕಿ ಖರ್ಚು ಕೇಳಿ ಕೂಡಿಸಿದೆ. ಗಾಬರಿಯಾಯಿತು. ಅದರ ಮೂರನೇ ಒಂದು ಪಾಲಿಗೆ ಎಲ್ಲರೂ ಕೂತು ನೋಡುವಂಥ ಪ್ರದರ್ಶನ ಮಾಡಬಹುದು ಅನ್ನಿಸಿತು.

ಮೊದಲ ವರ್ಷ ಎಡವಿದೆ. ಅರ್ಧಕ್ಕಿಂತ ಜಾಸ್ತಿ ದುಡ್ಡು ಸರಪಟಾಕಿಗೆ ಹೋಯಿತು. ಏಳೆಂಟು ನಿಮಿಷದಲ್ಲಿ ಎಲ್ಲ ಮುಗಿಯಿತು. ಗಾಳಿ ಜನರ ಕಡೆಗೇ ಇತ್ತು. ಹೊಗೆಯಲ್ಲಿ ಕೊನೆಯ ಬಣ್ಣಗಳು ಯಾರಿಗೂ ಕಾಣಲಿಲ್ಲ. ಎರಡನೇ ವರ್ಷ ಇನ್ನೂ ಕೆಟ್ಟದಾಯಿತು. ಮಲ್ಟಿಶಾಟ್ ಡಬ್ಬಕ್ಕೆ, ಅಂದರೆ ಒಮ್ಮೆ ಹಚ್ಚಿದರೆ ಒಂದಾದ ಮೇಲೊಂದು ಶಾಟ್ ಆಕಾಶಕ್ಕೆ ಹಾರಿಸುವ ಡಬ್ಬಕ್ಕೆ, ಆಸರೆ ಕೊಟ್ಟಿರಲಿಲ್ಲ. ನಾಲ್ಕೈದು ಶಾಟ್ ಆಗುವಷ್ಟರಲ್ಲಿ ಅದು ಮಗುಚಿ, ಉಳಿದವು ಗೋಡೆಗೆ ಬಡಿದವು. ಯಾರಿಗೂ ಏನೂ ಆಗಲಿಲ್ಲ, ಆದರೆ ಅಲ್ಲಿಗೇ ನಿಲ್ಲಿಸಿದೆ. ಹಚ್ಚದೆ ಉಳಿದದ್ದರ ದುಡ್ಡನ್ನು ನನ್ನ ಜೇಬಿನಿಂದ ವಾಪಸ್ ಕೊಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಮೈದಾನದ ದೊಡ್ಡ ಪ್ರದರ್ಶನಗಳಿಗೆ ಗಡಿಯಾರ, ಪುಸ್ತಕ ಹಿಡಿದು ಹೋಗತೊಡಗಿದೆ. ಒಮ್ಮೆ ಟಿಕೆಟ್ ತೆಗೆದು ಮುಂದಿನ ಸಾಲಿನಲ್ಲಿ ಕೂತೆ. ದುಡ್ಡು ದಂಡ. ಕತ್ತು ನೋವು, ಮೈಮೇಲೆಲ್ಲ ಬೂದಿ. ಮುಂದಿನ ಸಲ ಗಾಳಿಗೆ ಬೆನ್ನು ಕೊಟ್ಟು ಅರ್ಧ ಕಿಲೋಮೀಟರ್ ದೂರ ನಿಂತೆ. ಮಿಂಚಿಗೂ ಸದ್ದಿಗೂ ಒಂದೂವರೆ ಸೆಕೆಂಡ್ ಅಂತರ ಬಂದರೆ ಅಷ್ಟು ದೂರ ಅಂತ ಲೆಕ್ಕ. ಇಡೀ ಆಕಾಶ ಕಂಡಿತು, ಅದೂ ಪುಕ್ಕಟೆ. ಕಸುಬಿನವರು ಸುಮ್ನೆ ಒಂದೇ ಸಮ ಹಾರಿಸುವುದಿಲ್ಲ. ನಡುನಡುವೆ ಕತ್ತಲು ಬಿಡುತ್ತಾರೆ. ನನಗೆ ಸಿಕ್ಕ ದೊಡ್ಡ ಪಾಠ ಅದು.

ಈ ಸಲ ಬಂದ ದುಡ್ಡಿನಲ್ಲಿ ನೂರಕ್ಕೆ 60 ಮಲ್ಟಿಶಾಟಿಗೆ, 25 ಹೂಕುಂಡಕ್ಕೆ, ಉಳಿದದ್ದು ಮರಳು, ಹಲಗೆ, ಬಕೆಟ್ಟಿಗೆ. ಸರಪಟಾಕಿ ಒಂದೂ ಇಲ್ಲ. ಡಬ್ಬಗಳನ್ನು ಅರ್ಧದವರೆಗೆ ಮರಳಿನಲ್ಲಿ ಹೂತೆ. ಜನರನ್ನು ಗಾಳಿ ಬರುವ ಕಡೆ, 25 ಮೀಟರ್ ಆಚೆ ಕೂರಿಸಿದೆ. ಹೂಕುಂಡ, ಕತ್ತಲು, ಶಾಟ್, ಮತ್ತೆ ಕತ್ತಲು. ಹತ್ತಿರ ಹತ್ತಿರ 20 ನಿಮಿಷ ನಡೆಯಿತು.

ನೀಲಿಯ ಮೇಲೆ ಬೇರೆಯೇ ಪ್ರಯೋಗ ಮಾಡಿದೆ. ಅದು ತಾಮ್ರದಿಂದ ಬರುವ ಬಣ್ಣ. ಉರಿ ಜಾಸ್ತಿಯಾದರೆ ಮಂಕಾಗುತ್ತದೆ. ಕೆಂಪು, ಹಸಿರಿನ ಜೊತೆ ಹಾರಿಸಿದರೆ ಕಾಣುವುದೇ ಇಲ್ಲ. ಅರ್ಧ ನಿಮಿಷ ಕತ್ತಲಿಟ್ಟು ನೀಲಿ ಒಂದನ್ನೇ ಹಾರಿಸಿದೆ. ಮಕ್ಕಳೆಲ್ಲ "ಓ..." ಎಂದರು! ಕೊನೆಯ ಎರಡು ನಿಮಿಷ ಯಾವುದರ ಹಿಂದೆ ಯಾವುದು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಮೂರು ವರ್ಷ ಕೊಟ್ಟಿದ್ದೇನೆ.

ಠುಸ್ಸಾದವು ಎರಡೋ ಮೂರೋ ಇದ್ದವು. ಅರ್ಧ ಗಂಟೆ ಹತ್ತಿರ ಹೋಗಲಿಲ್ಲ. ಆಮೇಲೆ ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟೆ.

ಪಕ್ಕದ ಬೀದಿಯವರೂ ಸೇರುತ್ತೇವೆ ಅನ್ನುತ್ತಿದ್ದಾರೆ. ಅಷ್ಟು ಜನಕ್ಕೆ ನಾವೀಗ ಹಚ್ಚುವ ಖಾಲಿ ಜಾಗ ಸಾಲದು. ಈಗಿನಿಂದಲೇ ಮೈದಾನ ಹುಡುಕುತ್ತಿದ್ದೇನೆ.